ಸಾವಂತ್ರೆವ್ವ ಗಂಟು ಎತ್ತದ ಚಳಿಗಾಲ

ಮಡಿವಾಳರ ಸಾವಂತ್ರೆವ್ವನಿಗೆ ಅಭಿಪ್ರಾಯವಿಲ್ಲದ ವಿಷಯ ಈ ಭೂಮಿಯ ಮೇಲೆ ಒಂದೂ ಇರಲಿಲ್ಲ. ಭೂಮಿಯ ಬಗ್ಗೆಯೇ ಅವಳ ಮೊದಲ ತಕರಾರು. ಅದು ದುಂಡಗಿದೆ, ದಿನಕ್ಕೊಮ್ಮೆ ತಿರುಗುತ್ತದೆ ಎಂದು ಸಾಲಿ ಮಾಸ್ತರರು ಹೇಳಿದ್ದನ್ನು ಓಣಿಯ ಮಕ್ಕಳು ಹೊಳೆಯ ದಂಡೆಗೆ ಒಯ್ದು ಒಪ್ಪಿಸಿದರೆ ಅವಳು ಒಗೆಯುವ ಕೈಯನ್ನು ನಿಲ್ಲಿಸಲೂ ಇಲ್ಲ.

“ತಿರಗತಿದ್ರ, ಮುಂಜಾನಿ ನಾ ಒಣಾಕ ಹಾಕಿದ ಅರಿವಿ ಸಂಜೀಕ ಹುಕ್ಕೇರಿಯಾಗ ಹುಡುಕಬೇಕಾಗತಿತ್ತು,” ಎಂದಳು. “ದುಂಡಗ ಇದ್ರ ಇರಲಿ ಬಿಡ್ರಿ. ಅದರಿಂದ ನನಗೇನೂ ತ್ರಾಸಿಲ್ಲ.”

ಇದನ್ನು ಓದಿ ಪಾಪ, ಏನೂ ತಿಳಿಯದ ಹೆಂಗಸು ಎಂದು ಯಾರಾದರೂ ನಕ್ಕರೆ ನನಗೆ ಸಿಟ್ಟು ಬರುತ್ತದೆ. ಅವಳು ದೊಡ್ಡ ಜ್ಞಾನಿ, ಓದಿದವರೆಲ್ಲ ಅವಳ ಮುಂದೆ ಸೊನ್ನೆ ಎಂದು ಕೈಮುಗಿದರೂ ನನಗೆ ಸಿಟ್ಟೇ ಬರುತ್ತದೆ. ಅವಳು ಹತ್ತು ಮಾತಾಡಿದರೆ ನಾಲ್ಕು ತಪ್ಪಿರುತ್ತಿದ್ದವು. ತಪ್ಪನ್ನೂ ಸರಿಯನ್ನೂ ಒಂದೇ ದನಿಯಲ್ಲಿ, ಆಚೆ ದಂಡೆಯ ದನಗಳೂ ಕತ್ತೆತ್ತುವಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು. ಅವಳಿದ್ದದ್ದೇ ಹಾಗೆ, ನನಗೆ ಅವಳು ಬೇಕಾಗಿದ್ದದ್ದೂ ಹಾಗೆಯೇ.

ನಮ್ಮದು ಗೋಕಾಕದ ಪೇಟೆಗೆ ಹತ್ತಿದ ಓಣಿ. ನನ್ನ ಅಪ್ಪ ಶಿದ್ಲಿಂಗಪ್ಪನಿಗೆ ಬೆಲ್ಲದ ಅಡತಿ ಅಂಗಡಿಯಿತ್ತು, ಅವ್ವ ಶಿವಗಂಗವ್ವನಿಗೆ ಬಿಂಕವಿತ್ತು. ಎದುರಿಗೆ ಪರಪ್ಪ ಶೆಟ್ಟರ ದೊಡ್ಡ ಮನೆ. ಓಣಿಯ ಹಿರೇತನ ಅವರದು. ಅತ್ತಿತ್ತ ವ್ಯಾಪಾರದ ಮನೆಗಳು, ತುದಿಗೆ ಗಾಣದ ಹೊಳೆಪ್ಪನ ಮನೆ. ಇಷ್ಟೂ ಮನೆಗಳ ಬಟ್ಟೆ ಒಗೆಯುವ ಹಕ್ಕು ಸಾವಂತ್ರೆವ್ವ ಮತ್ತು ಅವಳ ಗಂಡ ಗುಡ್ಡಪ್ಪನದು. ಗುಡ್ಡಪ್ಪ ಮನೆಮನೆಯಿಂದ ಗಂಟು ತಂದು, ಬಿಚ್ಚಿ, ಬೇರೆ ಮಾಡಿ ಕೊಡುತ್ತಿದ್ದ, ಒಗೆಯುವವಳು ಅವಳು. ಗುಡ್ಡಪ್ಪನದು ಮಾತು ಬಹಳ ಕಡಿಮೆ. ಅವನ ಪಾಲಿನದನ್ನೂ ಹೆಂಡತಿಯೇ ಆಡಿ ಮುಗಿಸುತ್ತಿದ್ದಳು.

ಫಾಲ್ಸಿನ ಗಿರಣಿಯಲ್ಲಿ ಧಬಧಬೆಯ ನೀರಿನಿಂದ ಯಂತ್ರ ತಿರುಗಿಸಿ ದೀಪ ಹಚ್ಚುತ್ತಾರೆ ಎಂದು ಊರಿಗೆಲ್ಲ ಹೆಮ್ಮೆ. ಸಾವಂತ್ರೆವ್ವನಿಗೆ ಮಾತ್ರ ಅದು ಸೇರುತ್ತಿರಲಿಲ್ಲ. “ನೀರಿನ ಕಸುವೆಲ್ಲಾ ಮ್ಯಾಲ ಹಿಂಡಿಕೊಂಡು, ಹಿಂಡಿದ ನೀರು ನಮ್ಮ ಕಡೆ ಬಿಡ್ತಾರ. ಅದಕ್ಕ ಈಗ ಎರಡೆರಡು ಸಲ ಸೌಳುಮಣ್ಣು ಹಚ್ಚಬೇಕಾಗೇತಿ,” ಎನ್ನುತ್ತಿದ್ದಳು. ನೀರು ಗಾಲಿಯನ್ನು ತಿರುಗಿಸಿ ಹಾಗೆಯೇ ಮುಂದೆ ಬರುತ್ತದೆ, ಅದರಲ್ಲಿ ಏನೂ ಕಡಿಮೆಯಾಗುವುದಿಲ್ಲ ಎಂದು ಪರಪ್ಪ ಶೆಟ್ಟರು ತಿಳಿಸಿ ಹೇಳಿದರಂತೆ. “ಗಾಣ ತಿರುಗಿಸಿದ ಎತ್ತು ಸಂಜೀಕ ದಣದಿರೂದಿಲ್ಲೇನ್ರಿ?” ಎಂದಳಂತೆ. ಅವಳು ಹೇಳಿದ್ದು ತಪ್ಪೆಂದು ನನಗೆ ಗೊತ್ತು. ಹೇಗೆ ತಪ್ಪು ಎಂದು ಮಾತ್ರ ಇವತ್ತಿಗೂ ಸರಿಯಾಗಿ ಬಿಡಿಸಿ ಹೇಳಲು ಬರುವುದಿಲ್ಲ.

ಕೆಲವೊಮ್ಮೆ ಅವಳ ಮಾತು ನೆಟ್ಟಗೆ ಹೋಗಿ ನಾಟುತ್ತಿತ್ತು. ಜರ್ಮನಿಯ ಯುದ್ಧ ಶುರುವಾದಾಗ ಪತ್ರಿಕೆ ತರಿಸುತ್ತಿದ್ದ ಪರಪ್ಪ ಶೆಟ್ಟರು ದೀಪಾವಳಿಯೊಳಗೆ ಎಲ್ಲ ಮುಗಿಯುತ್ತದೆ ಎಂದರು. ಒಂದು ವರ್ಷ ಕಳೆಯಿತು. ಹೊಸ ಸೀರೆಗಳು ಮೊದಲ ಒಗೆತಕ್ಕೇ ಹೊಳೆಯನ್ನೆಲ್ಲ ಕೆಂಪು ಮಾಡತೊಡಗಿದವು. “ಜರ್ಮನಿ ಬಣ್ಣ ಬರೂದು ನಿಂತೈತಿ,” ಎಂದು ಸಾವಂತ್ರೆವ್ವ ತೀರ್ಪು ಕೊಟ್ಟಳು. “ಬಣ್ಣ ಮಾರಿ ರೊಕ್ಕಾ ಎಣಸೂ ಮಂದಿ ಬಣ್ಣದ ಅಂಗಡಿನ ಮುಚ್ಚ್ಯಾರಂದ್ರ ಅದು ಸಣ್ಣ ಜಗಳ ಅಲ್ಲ.” ಖಾದಿ ಚಳವಳಿ ಬಂದಾಗಲೂ ಅವಳದು ಬೇರೆಯೇ ಲೆಕ್ಕ. “ಸ್ವರಾಜ್ಯ ಬರಲಿ, ನನಗೂ ಬೇಕು. ಆದ್ರ ತೊಯ್ದ ಖಾದಿ ಎತ್ತಾಕ ಮುಖಂಡರೂ ಹೊಳಿಗೆ ಬರಬೇಕು,” ಎಂದು ಸೊಂಟ ಹಿಡಿದುಕೊಂಡು ಗೊಣಗುತ್ತಿದ್ದಳು. ಹಿಂಡಲಗಾ ಜೇಲಿನಿಂದ ಬಿಡುಗಡೆಯಾಗಿ ಬಂದವರ ಬಟ್ಟೆಗಳನ್ನು ಮಾತ್ರ ಉಳಿದ ಗಂಟುಗಳನ್ನು ಬದಿಗಿಟ್ಟು ಮೊದಲು ಒಗೆದು ಕೊಡುತ್ತಿದ್ದಳು, ಗೊಣಗುತ್ತಲೇ.

ಅವಳಿಗೆ ನಿಜವಾಗಿ ಸಿಟ್ಟಿದ್ದದ್ದು ತಂತಿಯ ಮೇಲೆ. ಸುದ್ದಿ ತಂತಿಯಲ್ಲಿ ಓಡುತ್ತದೆ ಎಂಬುದನ್ನು ಅವಳು ಯಾವ ತಕರಾರೂ ಇಲ್ಲದೆ ನಂಬಿದ್ದಳು. “ಓಡಲಿ. ಆದ್ರ ಪೋಸ್ಟಿನವ ಅದನ್ನ ಬಿಡಿಸಿ ಬರಕೋತಾನಲ್ಲ? ಗಂಡ ಸತ್ತ ಸುದ್ದಿ ಹೆಂಡತಿಗಿಂತ ಮೊದಲ ಪೋಸ್ಟಿನವಗ ಗೊತ್ತಾಗೂದು ಎಲ್ಲೀ ನ್ಯಾಯ?” ಎಂದು ಕೇಳುತ್ತಿದ್ದಳು. ಒಮ್ಮೆ ಯಾರೋ ಸಾಹೇಬರು ಫೋಟೋ ಪೆಟ್ಟಿಗೆ ತಂದು ಹೊಳೆಯಲ್ಲಿ ಒಗೆಯುವವರ ಚಿತ್ರ ತೆಗೆಯಲು ನಿಂತಾಗ, ಒದ್ದೆ ಜಮಖಾನೆಯೊಂದನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದು ಅವರು ಹೋಗುವತನಕ ಇಳಿಸಲಿಲ್ಲ. “ನನ್ನ ಮಾರಿ ನನ್ನ ಕೇಳದ ಹೆಂಗ ಒಯ್ತಾನಂವ?” ಎಂದಳು.

ಈ ಮಾತುಗಳ ಹಿಂದೆ ಅವಳ ಕಸುಬಿತ್ತು. ಮಡಿವಾಳರಿಗೆ ತಿಳಿಯದ್ದು ಯಾವುದಿದೆ? ಯಾವ ಮನೆಯ ಸೊಸೆ ಬಸಿರಾದಳು, ಯಾವ ಮನೆಯ ಸೊಸೆಯದು ನಿಲ್ಲಲಿಲ್ಲ, ಯಾರು ಕುಡಿಯುತ್ತಾರೆ, ಯಾವ ಸಭ್ಯ ಗೃಹಸ್ಥರ ಧೋತರದ ಮೇಲೆ ಯಾವ ಸಾರಿನ ಕಲೆಯಿದೆ, ಎಲ್ಲವೂ ಗಂಟಿನಲ್ಲಿ ಬರುತ್ತದೆ. ಸಾವಂತ್ರೆವ್ವನಿಗೆ ಎಲ್ಲ ಗೊತ್ತಿದೆ ಎಂದು ಓಣಿಗೆಲ್ಲ ಗೊತ್ತಿತ್ತು. ಆದರೆ ಜಗತ್ತಿನ ಬಗ್ಗೆ ಇಷ್ಟು ಮಾತಾಡುವ ಬಾಯಿಂದ ಓಣಿಯ ಬಗ್ಗೆ ಒಂದು ಅಕ್ಷರ ಬರುತ್ತಿರಲಿಲ್ಲ. ಕೆದಕಿದವರಿಗೆ ಒಂದೇ ಉತ್ತರ: “ಅರಿವಿ ಒಗದ ಕೊಡ್ತೀವ್ರಿ, ಸುದ್ದಿ ಒಗದ ಕೊಡೂದಿಲ್ಲ.”

ಹೀಗೆ ಬಾಯಿ ಕಟ್ಟುವುದನ್ನು ಅವಳಿಗೆ ಕಲಿಸಿದ್ದು ಹೊಳೆಪ್ಪನ ಮನೆ. ನಾನು ಹುಟ್ಟುವ ಮೊದಲು, ಗೋಕಾಕಕ್ಕೆ ಮೊದಲ ಸಲ ಪ್ಲೇಗು ಬಂದಾಗ, ಹೊಳೆಪ್ಪನ ಮನೆಯಲ್ಲಿ ಬೇನೆಯಿದೆ ಎಂದು ಅಧಿಕಾರಿಗಳಿಗೆ ತಿಳಿಸಿದವಳು ಸಾವಂತ್ರೆವ್ವನ ಅತ್ತೆ. ಒಳ್ಳೆಯ ಮನಸ್ಸಿನಿಂದಲೇ ತಿಳಿಸಿದ್ದಳು. ಪೊಲೀಸರು ಬಂದು ಬೇನೆ ಬಿದ್ದವರನ್ನು ಊರ ಹೊರಗಿನ ಚಪ್ಪರಕ್ಕೆ ಹೊತ್ತೊಯ್ದರು, ಮನೆಯ ಹಂಚು ಕಿತ್ತರು, ಗೋಡೆಗೆ ಗುರುತು ಬಳಿದರು. ಬೇನೆ ಹೋಯಿತು, ಗುರುತು ಹೋಗಲಿಲ್ಲ. ಅಂದಿನಿಂದ ಅದು ‘ಪಿಲೇಗದ ಹೊಳೆಪ್ಪನ ಮನಿ’. ಬೇನೆಯಿಂದ ಎದ್ದು ಬಂದ ಅವನ ಮಗಳು ಸೀತವ್ವನನ್ನು ಮುದುಕಿಯಾದರೂ ಯಾರೂ ಮದುವೆಯಾಗಲಿಲ್ಲ. ಅವಳ ಕೊಡ ಬಾವಿಯ ಕಟ್ಟೆ ಮುಟ್ಟಿದರೆ ಉಳಿದ ಹೆಂಗಸರು ಹಿಂದೆ ಸರಿಯುತ್ತಿದ್ದರು. ಸಾವಂತ್ರೆವ್ವ ಮಾತ್ರ ಸರಿಯುತ್ತಿರಲಿಲ್ಲ, ಆದರೆ ಅವಳೊಬ್ಬಳು ನಿಂತರೆ ಏನು ಬಂತು?

ಜರ್ಮನಿಯ ಯುದ್ಧಕ್ಕೆ ಕೆಲವು ವರ್ಷ ಮೊದಲು, ಒಂದು ಚಳಿಗಾಲದಲ್ಲಿ, ಪ್ಲೇಗು ಮತ್ತೆ ಬಂತು. ಆಗ ನಾನು ಐದಾರು ವರ್ಷದವಳು. ನನಗೆ ನೆನಪಿರುವುದು ಕಡಿಮೆ. ಉಳಿದದ್ದನ್ನೆಲ್ಲ ದೊಡ್ಡವರಿಂದ ಕೇಳಿದ್ದೇನೆ. ನದಿಯಾಚೆಯ ಕೇರಿಗಳಲ್ಲಿ ಇಲಿ ಸತ್ತು ಬಿದ್ದವು. ಅಲ್ಲಿಯ ಜನ ಹೊಲಗಳಲ್ಲಿ ಜೋಪಡಿ ಹಾಕಿಕೊಂಡು ಊರು ಬಿಟ್ಟರು. ನಮ್ಮ ಓಣಿ ಮಾತ್ರ ಕದಲಲಿಲ್ಲ. ಮೊದಲು ಹೊರಬಿದ್ದ ಮನೆಯಲ್ಲೇ ಬೇನೆ ಬಂದಿದೆ ಎಂದು ಮಂದಿ ಆಡಿಕೊಳ್ಳುತ್ತಾರೆ. ಮತ್ತೊಂದು ‘ಪಿಲೇಗದ ಮನಿ’ ಆಗುವವರು ಯಾರು? ಎಲ್ಲರೂ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಆಗ ಪುಣೆಯ ಕಡೆಯಿಂದ ಒಬ್ಬ ಡಾಕ್ಟರರನ್ನು ಸರಕಾರ ಕಳಿಸಿತ್ತು. ಅವರು ಊರಿನ ಮಡಿವಾಳರನ್ನೆಲ್ಲ ಚಾವಡಿಗೆ ಕರೆಸಿ, ಈ ಬೇನೆ ಗಾಳಿಯಿಂದಲ್ಲ, ಯಾವ ದೇವಿಯ ಸಿಟ್ಟಿನಿಂದಲೂ ಅಲ್ಲ, ಸತ್ತ ಇಲಿಯ ಮೈಬಿಟ್ಟು ಬರುವ ಚಿಗಟದಿಂದ ಹಬ್ಬುತ್ತದೆ ಎಂದರು. ಸಾವಂತ್ರೆವ್ವ ಸುಮ್ಮನಿರುತ್ತಾಳೆಯೇ?

“ಚಿಗಟ ಕಡದ್ರ ಮನಷಾ ಸಾಯೂದಾದ್ರ ನಾವು ಮಡಿವಾಳರು ಒಬ್ಬರೂ ಉಳೀತಿರಲಿಲ್ಲರಿ.”

“ಎಲ್ಲಾ ಚಿಗಟ ಅಲ್ಲ, ಬಾಯೀ. ಬ್ಯಾನಿ ಬಿದ್ದ ಇಲಿ ರಕ್ತ ಕುಡಿದದ್ದು,” ಎಂದು ಡಾಕ್ಟರರು ಗಾಜಿನ ಪಟ್ಟಿಯ ಮೇಲೆ ಒಂದು ಚಿಗಟವನ್ನಿಟ್ಟು, ಸಣ್ಣದನ್ನು ದೊಡ್ಡದಾಗಿ ಕಾಣಿಸುವ ದುರ್ಬೀನಿನಲ್ಲಿ ತೋರಿಸಿದರು. ಅವಳು ಕಣ್ಣು ಹಚ್ಚಿ ಬಹಳ ಹೊತ್ತು ನೋಡಿದಳು. ಹಿಂದಿನವರು ಸಾಕು ಸರಿಯವ್ವ ಎಂದರೂ ಸರಿಯಲಿಲ್ಲ. ಕೊನೆಗೆ ಎದ್ದು ನಿಂತಾಗ ಅವಳ ದನಿ ಇಳಿದಿತ್ತು.

“ಈ ಕಾಲು ನೋಡಿದ್ರ ಇದು ಒಂದ ಮನಿಯಾಗ ಕುಂದರೂ ಪ್ರಾಣಿ ಅಲ್ಲ. ಗಂಟಿನಾಗೂ ಬರ್ತಾವೇನ್ರಿ?”

“ಬರ್ತಾವ.”

“ಭಟ್ಟಿಯಾಗ ಬೆಂದ್ರ?”

“ಸಾಯ್ತಾವ. ಆದ್ರ ಭಟ್ಟಿ ಮುಟ್ಟೂದ್ರಾಗ ಬಾಜೂಕಿನ ಗಂಟಿಗೆ ಹಾರಿರ್ತಾವ.”

ಅವಳು ಅಲ್ಲಿಂದ ನೆಟ್ಟಗೆ ಹೊಳೆಗೆ ಬಂದು ಗುಡ್ಡಪ್ಪ ಕಟ್ಟುತ್ತಿದ್ದ ಗಂಟುಗಳನ್ನು ದೂರದೂರ ಇಡಿಸಿದಳಂತೆ. ಅದಕ್ಕೆ ಕಾರಣವಿತ್ತು. ಎರಡು ದಿನಗಳ ಹಿಂದೆ ನಮ್ಮ ಓಣಿಯ ಒಂದು ಮನೆಯಿಂದ ಹಾಸಿಗೆಯ ಬಟ್ಟೆಗಳು ಬಂದಿದ್ದವು. ಅವುಗಳ ಮೇಲಿನ ಕಲೆ, ವಾಸನೆ ಹೊಳೆಪ್ಪನ ಮನೆಯ ಬಟ್ಟೆಯಲ್ಲಿ ಅವಳು ಕಂಡಂಥವೇ. ಆ ಮನೆಯವರು ಯಾರಿಗೂ ತಿಳಿಯದಂತೆ ಬೇನೆ ಬಿದ್ದವರನ್ನು ಒಳಕೋಣೆಯಲ್ಲಿ ಮಲಗಿಸಿದ್ದರು. ಹೇಳಿದರೆ ಆ ಮನೆ ಹಾಳಾಗುತ್ತದೆ. ಹೇಳದಿದ್ದರೆ ಆ ಮನೆಯ ಚಿಗಟ ಓಣಿಯನ್ನೆಲ್ಲ ತಿನ್ನುತ್ತದೆ, ಅದೂ ಅವಳ ಕತ್ತೆಯ ಬೆನ್ನೇರಿ. ಇಷ್ಟು ವರ್ಷ ಬಾಯಿ ಕಟ್ಟಿದ್ದು ಸುಲಭವಿತ್ತು. ಈಗ ಬಾಯಿ ಕಟ್ಟಿದರೆ ಜೀವ ಹೋಗುವ ಹೊತ್ತು.

ಮರುದಿನ ಡಾಕ್ಟರರು ಒಬ್ಬ ಪೊಲೀಸನನ್ನು ಕರೆದುಕೊಂಡು ಓಣಿಗೆ ಬಂದರು. ಜನ ಸೇರಿದರು. ನಮ್ಮ ಓಣಿಯಲ್ಲಿ ಒಂದು ಇಲಿಯೂ ಬಿದ್ದಿಲ್ಲ ಎಂದು ಪರಪ್ಪ ಶೆಟ್ಟರು ಎದೆ ತಟ್ಟಿ ಹೇಳುತ್ತಿರುವಾಗ ಸಾವಂತ್ರೆವ್ವ ನಡುವೆ ಬಂದು ನಿಂತಳು.

“ಬ್ಯಾನಿ ಬಂದೈತ್ರಿ. ಈ ಓಣಿಯಾಗ ಒಂದು ಮನಿಯಾಗ ಬಂದೈತಿ. ಯಾರ ಮನಿ ಅಂತ ಕೇಳಬ್ಯಾಡ್ರಿ, ನಾ ಹೇಳಾಕಿ ಅಲ್ಲ. ಎಲ್ಲಾರೂ ಒಂದ ಹೊತ್ತಿಗೆ ಊರ ಹೊರಗ ಬೀಳ್ರಿ.”

ಓಣಿಯಲ್ಲಿ ಗದ್ದಲವೋ ಗದ್ದಲ. ಡಾಕ್ಟರರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, “ಮನಿ ತೋರಸು, ಬಾಯೀ. ತೋರಿಸಲಿಲ್ಲಂದ್ರ ಅಪರಾಧ ಆಗತೈತಿ,” ಎಂದರು.

“ಆದ್ರ ಆಗವಲ್ದ್ಯಾಕ್ರಿ. ಅಲ್ಲಿ ಹೊಳೆಪ್ಪನ ಮನಿ ಗ್ವಾಡಿ ಐತಿ, ಹೋಗಿ ನೋಡಿ ಬರ್ರಿ. ಬ್ಯಾನಿ ಹೋಗಿ ಎಷ್ಟ ವರ್ಷ ಆತು? ಸುಣ್ಣಾ ಹಚ್ಚಿದ್ರೂ ನಿಮ್ಮ ಗುರುತು ಮಂದಿಗೆ ಕಾಣತೈತಿ. ಚಿಗಟದ್ದು ನೀವು ಹೇಳಿದ್ದು ಖರೆ ಐತಿ, ನಾ ಒಪ್ಪೇನಿ. ಮನಿ ಹೇಳೂದು ನಿಮ್ಮ ದುರ್ಬೀನಿನಾಗ ಕಾಣೂ ಮಾತಲ್ಲ. ಅದು ನನಗ ಬಿಡ್ರಿ.”

ಡಾಕ್ಟರರಿಗೂ ಸಿಟ್ಟು ಬಂತು. ಅವರ ಸಿಟ್ಟೂ ನ್ಯಾಯದ್ದೇ. ಮನೆ ತಿಳಿಯದೆ ಅವರಾದರೂ ಏನು ಮಾಡಬೇಕು? ಶನಿವಾರದೊಳಗೆ ಓಣಿ ಖಾಲಿಯಾಗದಿದ್ದರೆ ಪೊಲೀಸರನ್ನು ಕರೆದುಕೊಂಡು ಮನೆಮನೆ ಹೊಕ್ಕು ಹುಡುಕುತ್ತೇನೆ, ಬೇನೆಯವರನ್ನು ಚಪ್ಪರಕ್ಕೆ ಒಯ್ಯುತ್ತೇನೆ ಎಂದು ಹೇಳಿ ಹೋದರು. ಶನಿವಾರಕ್ಕೆ ಮೂರೇ ದಿನ ಉಳಿದಿದ್ದವು.

ಆ ಸಂಜೆ ಗುಡ್ಡಪ್ಪ ಗಂಟು ಎತ್ತಲು ಬರಲಿಲ್ಲ. ಸಾವಂತ್ರೆವ್ವನೇ ಕೈಬೀಸಿಕೊಂಡು ಬಂದು, ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಬಾಗಿಲಲ್ಲಿ ನಿಂತು, ಊರ ಹೊರಗೆ ಬೀಳುವತನಕ ಯಾರ ಮನೆಯ ಗಂಟನ್ನೂ ಎತ್ತುವುದಿಲ್ಲ ಎಂದು ಹೇಳಿದಳು. ಎಲ್ಲ ಬಾಗಿಲಲ್ಲೂ ಅದೇ ಮಾತು, ಅಷ್ಟೇ ಹೊತ್ತು, ಅದೇ ಬೈಗುಳ. ಹೊಳೆಪ್ಪನ ಬಾಗಿಲಲ್ಲೂ ನಿಂತಳು, ಪರಪ್ಪ ಶೆಟ್ಟರ ಬಾಗಿಲಲ್ಲೂ ನಿಂತಳು. ಅವಳ ಮುಖ ನೋಡಿ ಬೇನೆಯ ಮನೆ ಯಾವುದೆಂದು ತಿಳಿಯಲು ಹೆಂಗಸರೆಲ್ಲ ಕಿಟಕಿಯಲ್ಲಿ ಕುತ್ತಿಗೆ ಚಾಚಿದ್ದರಂತೆ. ಒಬ್ಬರಿಗೂ ತಿಳಿಯಲಿಲ್ಲ.

ಮಡಿವಾಳರು ಗಂಟು ಎತ್ತದಿದ್ದರೆ ಏನಾಯಿತು, ಮನೆಯಲ್ಲೇ ಒಗೆದುಕೊಂಡರಾಯಿತು ಎಂದು ಈಗಿನವರು ಕೇಳಬಹುದು. ಉಟ್ಟ ಬಟ್ಟೆ ಒಗೆದುಕೊಳ್ಳಬಹುದಿತ್ತು. ಹೆತ್ತವರ, ಮುಟ್ಟಾದವರ, ಸತ್ತವರ ಬಟ್ಟೆಯನ್ನು ಮಾತ್ರ ಮನೆಯವರು ಒಗೆಯುವಂತಿರಲಿಲ್ಲ. ಲಿಂಗ ಕಟ್ಟಿದ ನಮಗೆ ಐದೂ ಸೂತಕಗಳಿಲ್ಲ ಎಂದು ಜಂಗಮರು ಬಂದಾಗಲೆಲ್ಲ ಹೇಳಿ ಹೋಗುತ್ತಿದ್ದರು, ನಮ್ಮವರು ಹೌದೆಂದು ತಲೆಯಾಡಿಸುತ್ತಿದ್ದರು. ಬಾಣಂತಿಯ ಬಟ್ಟೆ ಬಂದಾಗ ಮಾತ್ರ ಎ ಸಾವಂತ್ರೆವ್ವಾ ಎಂದು ಕೂಗುತ್ತಿದ್ದರು. ಪರಪ್ಪ ಶೆಟ್ಟರ ಸೊಸೆ ಆಗತಾನೇ ಹೆತ್ತಿದ್ದಳು. ಮೊದಲ ಮೊಮ್ಮಗ. ತೊಟ್ಟಿಲಿಗೆ ಹಾಕಬೇಕೆಂದರೆ ಮಡಿಯಾದ ಬಟ್ಟೆಯಿಲ್ಲ, ಹಿತ್ತಲಲ್ಲಿ ಹೊಲಸು ಬಟ್ಟೆಯ ರಾಶಿ ದಿನದಿನಕ್ಕೆ ಬೆಳೆಯುತ್ತಿತ್ತು.

ಸರಕಾರದವರು ಅವಳಿಗೆ ಲಂಚ ಕೊಟ್ಟಿದ್ದಾರೆ ಎಂದರು ಶೆಟ್ಟರು. ಅವಳ ಮೈಮೇಲೆ ದ್ಯಾಮವ್ವ ಬಂದಿದ್ದಾಳೆ ಎಂದು ಕೆಲವರು ಹಣ್ಣುಕಾಯಿ ಹಿಡಿದು ಹೋದರು. ಅವರನ್ನು ಸಾವಂತ್ರೆವ್ವ ಬೈದು ಕಳಿಸಿದಳು. ಸಂಜೆಯಾದರೆ ಮನೆಮನೆಯಿಂದ ಅವಳಿಗೆ ಸಿಗುತ್ತಿದ್ದ ರೊಟ್ಟಿ ನಿಂತಿತು. ಶೆಟ್ಟರು ಅಷ್ಟಕ್ಕೇ ಬಿಡಲಿಲ್ಲ. ಬೇರೆ ಮಡಿವಾಳರನ್ನು ಕರೆತರಲು ಮೂಡಲಗಿಗೂ ಹುಕ್ಕೇರಿಗೂ ಆಳು ಅಟ್ಟಿದರು. ಮೂಡಲಗಿಯವರು ಬರುವುದಿಲ್ಲ ಎಂದು ಹೇಳಿ ಕಳಿಸಿದರು. ಹುಕ್ಕೇರಿಯ ಯಲ್ಲಾರಿ ಎಂಬವನು ಎರಡು ಕತ್ತೆ ಹೊಡೆದುಕೊಂಡು ಬಂದ. ಬಂದವನು ಹೊಳೆಯ ದಂಡೆಯಲ್ಲಿ ಸುಮ್ಮನೆ ಕೂತಿದ್ದ ಗಂಡಹೆಂಡಿರನ್ನು ಕಂಡು, ತಾನೂ ಕೂತ. ಏನು ಮಾತಾಡಿದರೋ ಗೊತ್ತಿಲ್ಲ. ಅವನ ಬುತ್ತಿ ಬಿಚ್ಚಿ ಮೂವರೂ ತಿಂದರು. ಸಂಜೆಗೆ ಅವನು ಬರಿಗೈಲಿ ಕತ್ತೆ ಹೊಡೆದುಕೊಂಡು ಹುಕ್ಕೇರಿಗೆ ವಾಪಸಾದ.

ಶುಕ್ರವಾರ ಮುಂಜಾನೆ ಪರಪ್ಪ ಶೆಟ್ಟರ ತಾಯಿ ಯಮನವ್ವ ಅಂಗಳಕ್ಕೆ ಬಂದಳು. ಬೆನ್ನು ಬಾಗಿದ ಮುದುಕಿ, ಮಗನ ಎದುರು ಎಂದೂ ಮಾತಾಡಿದವಳಲ್ಲ.

“ಬಂಡಿ ಕಟ್ಟಸ ಪರಪ್ಪಾ. ನಿನ್ನ ಮರ್ಯಾದಿ ನೀನ ಇಟಗೊಂಡು ಇಲ್ಲೇ ಕುಂದರು. ಕೂಸು ಬಾಣಂತಿನ್ನ ನಾ ಕರಕೊಂಡು ಹೊಕ್ಕೇನಿ,” ಎಂದವಳೇ ಹಿತ್ತಲಿನ ಗಂಟನ್ನು ತಾನೇ ತಲೆಯ ಮೇಲೆ ಹೊತ್ತಳು.

ಎಲ್ಲ ಬಾಗಿಲುಗಳೂ ಇದಕ್ಕೇ ಕಾಯುತ್ತಿದ್ದವೇನೋ. ಮಧ್ಯಾಹ್ನದೊಳಗೆ ಇಡೀ ಓಣಿ ಬಂಡಿ ಹೂಡಿತ್ತು. ಯಾರು ಮುಂದೆ, ಯಾರು ಹಿಂದೆ ಎಂದು ಯಾರೂ ನೋಡಲಿಲ್ಲ. ಕೌದಿ ಹೊದ್ದು ಮಲಗಿದವರು ಎಲ್ಲ ಬಂಡಿಗಳಲ್ಲೂ ಇದ್ದರು. ಚಳಿಗಾಲದಲ್ಲಿ ಮಕ್ಕಳು ಮುದುಕರು ಮತ್ತೆ ಹೇಗೆ ಹೋಗುತ್ತಾರೆ? ಕೊನೆಗೆ ಸಾವಂತ್ರೆವ್ವ ಎಲ್ಲ ಮನೆಗಳ ಗಂಟುಗಳನ್ನು ಒಂದೆಡೆ ಬಿಚ್ಚಿದಳು. ಒಂದು ಮನೆಯ ಬಟ್ಟೆಗೆ ಇನ್ನೊಂದು ಮನೆಯ ಬಟ್ಟೆ ತಾಗಿಸಿ ಬೇಯಿಸುವ ಪದ್ಧತಿ ಮಡಿವಾಳರಲ್ಲಿಲ್ಲ. ಆ ದಿನ ಮಾತ್ರ ಶೆಟ್ಟರ ಧೋತರ, ಹೊಳೆಪ್ಪನ ಪಂಜೆ, ಬಾಣಂತಿಯ ಸೀರೆ, ಬೇನೆಯ ಹಾಸಿಗೆ ಎಲ್ಲವೂ ಒಂದೇ ಭಟ್ಟಿಯಲ್ಲಿ ಬೆಂದವು. ಯಾವ ಕಲೆ ಯಾರದೆಂದು ಇನ್ನು ದೇವರು ಬಂದರೂ ಹೇಳುವಂತಿರಲಿಲ್ಲ.

ಡಾಕ್ಟರರು ಜೋಪಡಿ ಜೋಪಡಿಗೆ ಬಂದು ಸೂಜಿ ಚುಚ್ಚಿದರು. ಸೂಜಿಯ ಬಗ್ಗೆ ಜನ ಅಳುಕಿದಾಗ ಸಾವಂತ್ರೆವ್ವ ಎಲ್ಲರಿಗಿಂತ ಮೊದಲು ತೋಳು ಒಡ್ಡಿ, ಆಮೇಲೆ ಇಡೀ ದಿನ ಅಯ್ಯಯ್ಯೋ ಸತ್ತೆ ಎಂದು ಅರಚಿದಳು. ನಮ್ಮ ಓಣಿಯಲ್ಲಿ ಯಾರೂ ಸಾಯಲಿಲ್ಲ. ಸತ್ತವನು ಗುಡ್ಡಪ್ಪ. ದುರ್ಬೀನು ನೋಡುವ ಎರಡು ದಿನ ಮೊದಲು ಆ ಬೇನೆಯ ಗಂಟನ್ನು ಹೊತ್ತು ತಂದು ಬಿಚ್ಚಿದವನು ಅವನೇ. ಜೋಪಡಿ ಸೇರಿದ ಮರುದಿನ ಜ್ವರ ಬಂತು, ನಾಲ್ಕನೆಯ ದಿನಕ್ಕೆ ಹೋದ. ಅವನ ಬಟ್ಟೆಯನ್ನು ಅವಳು ಯಾರಿಗೂ ಮುಟ್ಟಗೊಡದೆ ತಾನೇ ಸುಟ್ಟಳು. ಆಗಲೂ ಆ ಮನೆ ಯಾವುದೆಂದು ಅವಳ ಬಾಯಿಂದ ಬರಲಿಲ್ಲ.

ವರ್ಷಗಳು ಉರುಳಿದವು. ನನ್ನನ್ನು ಕಲ್ಲೋಳಿಗೆ ಕೊಟ್ಟರು. ತವರಿಗೆ ಬಂದಾಗಲೆಲ್ಲ ಸಾವಂತ್ರೆವ್ವನ ಹೊಸ ಅಭಿಪ್ರಾಯ ಕೇಳಲು ಹೊಳೆಗೆ ಹೋಗುತ್ತಿದ್ದೆ. ವಿಮಾನ ಬಂದವು (“ಮ್ಯಾಲಿಂದ ಎಲ್ಲಾರ ಹಿತ್ತಲಾ ಕಾಣತಾವಂತಲ್ಲ, ಅದಕ್ಕ ಯಾರೂ ಏನೂ ಅನ್ನೂದಿಲ್ಲೇನ?”), ರೇಡಿಯೋ ಬಂತು, ಎರಡನೆಯ ಯುದ್ಧವೂ ಬಂತು. ಆ ಮನೆ ಯಾರದಿರಬಹುದು ಎಂಬ ಚರ್ಚೆ ಓಣಿಯಲ್ಲಿ ನಿಲ್ಲಲಿಲ್ಲ. ಬಹಳಷ್ಟು ಜನರ ಗುಮಾನಿ ಶೆಟ್ಟರ ಮೇಲೆ, ಅವರು ಎಲ್ಲರಿಗಿಂತ ಹೆಚ್ಚು ಕೂಗಾಡಿದ್ದರಿಂದ.

ಎರಡನೆಯ ಯುದ್ಧದ ನಡುವೆ ನನ್ನ ಮಗಳನ್ನು ನೋಡಲು ಹುಕ್ಕೇರಿಯಿಂದ ಗಂಡಿನವರು ಗೋಕಾಕದ ನಮ್ಮ ತವರಿಗೇ ಬಂದರು. ಹುಡುಗನ ತಾಯಿ ಅಲ್ಲವ್ವ ಒಂದು ದಿನ ಉಳಿದು, ಸೋಮವಾರ ಹೊಳೆಯ ಸ್ನಾನಕ್ಕೆಂದು ನಮ್ಮ ಜೊತೆ ಬಂದಳು. ಅವ್ವನೂ ಇದ್ದಳು. ಸಾವಂತ್ರೆವ್ವ ಮುಪ್ಪಾಗಿದ್ದಳು, ಆದರೆ ಒಗೆಯುವುದನ್ನು ಬಿಟ್ಟಿರಲಿಲ್ಲ. ನೀರು ಹಿಂಡಲು ಅವಳಿಂದಾಗದ ಉದ್ದನೆಯ ಸೀರೆಯ ಒಂದು ತುದಿಯನ್ನು ನಾನು ಹಿಡಿದು ತಿರುವುತ್ತಿದ್ದೆ.

ಓಣಿಗೆ ಓಣಿಯನ್ನೇ ಹೊರಗೆ ಹಾಕಿಸಿದವಳು ಇವಳೇ ಏನು ಎಂದು ಅಲ್ಲವ್ವ ಕೇಳಿದಳು. ಹುಕ್ಕೇರಿಯಲ್ಲೂ ಆ ಕತೆ ಗೊತ್ತಿತ್ತು. ನಮ್ಮ ಜೊತೆ ಬಂದಿದ್ದ ಪರಪ್ಪ ಶೆಟ್ಟರ ಸೊಸೆ, ಅಂದಿನ ಬಾಣಂತಿ, ಹೂಂ ಎಂದಳು. “ಈಕೀನ ನೋಡ್ರಿ. ಪಾಪ, ಆ ಮನಿ ಗಂಟು ಹೊತ್ತು ಗಂಡನ್ನ ಕಳಕೊಂಡ್ಳು. ಮಂದಿ ನಮ್ಮ ಮ್ಯಾಲ ಅಂತಾರ. ಯಾವ ಮನ್ಯವರೋ, ಅವರ ವಂಶ ಹಾಳಾಗ!”

ಅವ್ವ ಕೈಯಲ್ಲಿದ್ದ ತಂಬಿಗೆಯನ್ನು ಕಲ್ಲಿನ ಮೇಲೆ ಇಟ್ಟಳು. ಬಿಂಕದ ಶಿವಗಂಗವ್ವ, ಯಾರೆದುರೂ ತಲೆ ತಗ್ಗಿಸದವಳು, ತಲೆ ತಗ್ಗಿಸಿಕೊಂಡು ಹೇಳಿದಳು.

“ಬೈಬ್ಯಾಡವಾ. ಅದು ನಮ್ಮ ಮನಿ. ಗುಡ್ಡಪ್ಪನ್ನ ತಿಂದದ್ದು ನಮ್ಮ ಮನಿ ಗಂಟು.”

ಹೊಳೆಯ ದಂಡೆಯಲ್ಲಿ ಒಗೆಯುವ ಸದ್ದು ನಿಂತಿತು. ಅಲ್ಲವ್ವ ಅವ್ವನನ್ನೂ ನನ್ನನ್ನೂ ನೋಡಿದಳು. ಮಗಳ ಮದುವೆ ಮುರಿಯಿತು ಎಂದುಕೊಂಡೆ. ಅಷ್ಟರಲ್ಲಿ ಸಾವಂತ್ರೆವ್ವನ ನಗು ಆಚೆ ದಂಡೆಗೆ ಕೇಳಿಸಿತು.

“ಕೇಳ್ರೆವ್ವಾ ಈ ಮುದುಕಿ ಮಾತು! ಈಕಿ ಮನಿ ಅಂತ. ಮೊನ್ನೆ ಪ್ಯಾಟಿ ಅಂಗಡಿ ಸುಟ್ಟದ್ದೂ ನಮ್ಮ ಒಲಿ ಕಿಡಿ ಹಾರಿ ಅಂತ ಹೇಳತಿದ್ಳು. ವಯಸ್ಸಾತು, ಕಂಡದ್ದಕ್ಕೆಲ್ಲಾ ತನ್ನ ಹೆಸರ ಹಚ್ಚತಾಳ. ಈಕಿ ಮನಿದಲ್ಲ, ನಿಮ್ಮ ಮನಿದೂ ಅಲ್ಲ. ಆ ಮನ್ಯವರು ಊರ ಬಿಟ್ಟು ಹೋಗಿ ಯಾವ ಕಾಲ ಆತು!” ಎಂದಳು. ಹೆಂಗಸರು ನಕ್ಕರು. ಮುಪ್ಪಾದ ಮೇಲೆ ಎಲ್ಲರಿಗೂ ಹಾಗೇ ಎಂದು ಅಲ್ಲವ್ವನೂ ನಕ್ಕು ನೀರಿಗಿಳಿದಳು. ಒಗೆಯುವ ಸದ್ದು ಮತ್ತೆ ಶುರುವಾಯಿತು.

ಆಗ ಸಾವಂತ್ರೆವ್ವ ಅವ್ವನ ಕಡೆ ಬಾಗಿದಳು. ಅವಳ ದನಿ ಇಷ್ಟು ಸಣ್ಣಗಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. “ಬ್ಯಾನಿ ಬಿದ್ದಾಕಿ ನೀ ಅಲ್ಲ. ಹೇಳಾಕ ನೀ ಯಾರು? ಆಕಿನ್ನ ಕೇಳಿದೇನು?” ಎಂದು ಕಣ್ಣಲ್ಲೇ ಸೀರೆಯ ಈ ತುದಿಯನ್ನು ತೋರಿಸಿದಳು. ಈ ತುದಿಯಲ್ಲಿ ನಾನಿದ್ದೆ.

ಅಂದು ಮಧ್ಯಾಹ್ನ ಅವ್ವನನ್ನು ಕೂರಿಸಿಕೊಂಡು ಕೇಳಿದೆ, ಅವಳು ಅಳುತ್ತ ಹೇಳಿದಳು. ನನ್ನ ಕಂಕುಳಲ್ಲಿರುವ ಕಲೆ ಗಿಡದಿಂದ ಬಿದ್ದು ಆದದ್ದೆಂದು ನಾನು ನಂಬಿಕೊಂಡಿದ್ದೆ. ಜೋಪಡಿಯಲ್ಲಿ ಡಾಕ್ಟರರು ಅಲ್ಲಿ ಎದ್ದಿದ್ದ ಬೇನೆಯ ಗಡ್ಡೆಯನ್ನು ಒಡೆಯುವಾಗ ಇದೇನೆಂದು ಕೇಳಿದರಂತೆ. ಬಾಗಿಲಲ್ಲಿ ನಿಂತಿದ್ದ ಸಾವಂತ್ರೆವ್ವ “ಬರೇ ಕುರು ಐತ್ರಿ” ಎಂದಳಂತೆ. ಡಾಕ್ಟರರು ಅವಳ ಮುಖವನ್ನೊಮ್ಮೆ ನೋಡಿ, ಏನೂ ಅನ್ನದೆ ಗಾಯ ತೊಳೆದು ಕಟ್ಟಿ ಹೋದರಂತೆ. ಗುಡ್ಡಪ್ಪನಿಗೆ ಆ ಹೊತ್ತಿಗಾಗಲೇ ಜ್ವರವಿತ್ತು.

ಈಗ ಅವ್ವನಿಲ್ಲ, ಸಾವಂತ್ರೆವ್ವನೂ ಇಲ್ಲ. ಮಗಳು ಹುಕ್ಕೇರಿಯಲ್ಲಿ ಮೊಮ್ಮಕ್ಕಳನ್ನು ಕಂಡಿದ್ದಾಳೆ. ಹೇಳುವ ಹಕ್ಕು ನನ್ನೊಬ್ಬಳದು, ಆದ್ದರಿಂದ ಹೇಳುತ್ತಿದ್ದೇನೆ. ಆ ಚಳಿಗಾಲ ಪ್ಲೇಗು ಬಂದದ್ದು ಶಿದ್ಲಿಂಗಪ್ಪನ ಮಗಳು ಕಾಶೆವ್ವನಿಗೆ, ನನಗೆ. ಗುಡ್ಡಪ್ಪ ಕಾಕಾನನ್ನು ಕಡಿದ ಚಿಗಟ ನನ್ನ ಹಾಸಿಗೆಯದು.

ಮದುಮಗಳ ಕಾಲು ಮಣ್ಣಿಗೆ ತಾಗಬಾರದೆಂದು ಮಡಿವಾಳರು ಅವಳ ಮುಂದೆ ತೊಳೆದ ಸೀರೆಗಳನ್ನು ಹಾಸುತ್ತ ಹೋಗುವ ಪದ್ಧತಿ ನಮ್ಮಲ್ಲಿದೆ, ನಡೆಮಡಿ ಎನ್ನುತ್ತೇವೆ. ನನ್ನ ಮದುವೆಯಲ್ಲಿ ಅದನ್ನು ಹಾಸಿದವಳು ಸಾವಂತ್ರೆವ್ವ. ನನಗೆ ಹನ್ನೆರಡು ವರ್ಷ, ಏನೂ ಗೊತ್ತಿಲ್ಲ. ಗುಡ್ಡಪ್ಪ ಸತ್ತು ಆರೇಳು ವರ್ಷವಾಗಿತ್ತು, ಅವಳಿಗೆ ಎಲ್ಲ ಗೊತ್ತಿತ್ತು. ಅಷ್ಟು ಬೆಳ್ಳಗಿನ ಸೀರೆಯ ಮೇಲೆ ಕಾಲಿಡಲು ನಾನು ಹಿಂಜರಿದು ನಿಂತೆ. ಅವಳು ನೆಲಕ್ಕೆ ಬಗ್ಗಿ ಅದರ ಮಡಿಕೆಯನ್ನು ಕೈಯಿಂದ ಸವರಿ ಸರಿಮಾಡಿ, ತಲೆಯೆತ್ತಿ ನನ್ನನ್ನು ನೋಡಿದಳು.

“ತುಳಿ ತಂಗಿ,” ಎಂದಳು. “ನಿನಗಂತನ ಒಗದೇನಿ.”